ಹಿಟ್ಟಿನ ಕೋಳಿ ಕೂಗಿದ್ದು ಯಾಕೆ? ಜನ್ನನ ಕಥೆ ಮತ್ತು ನಮ್ಮ ಮನೆಯ ಒಂದು ಸುಳ್ಳು

ತುಂಗೆದಡ

ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪುರುಸೊತ್ತು ಮಾಡಿಕೊಂಡು ಓದಿ.

ಹೋದ ತಿಂಗಳು ಜನ್ನನ ಯಶೋಧರ ಚರಿತೆಯನ್ನು ಗದ್ಯಾನುವಾದ ಪಕ್ಕದಲ್ಲಿಟ್ಟುಕೊಂಡು ಪೂರ್ತಿ ಓದಿದೆ. ಕಾಲೇಜಿನಲ್ಲಿ ಪರೀಕ್ಷೆಗೆಂದು ಒಂದು ತುಂಡು ಓದಿದ್ದೆ. ಆಗ ಇದು ಹೆಂಡತಿಯ ಮೋಸದ ಕಥೆ ಅಂತಲೇ ತಲೆಯಲ್ಲಿ ಕೂತಿತ್ತು. ಈಗ ಬೇರೆಯೇ ಕಾಣಿಸಿತು. ರಾಜ ಯಶೋಧರ ನಿದ್ದೆ ಬಂದವನ ಹಾಗೆ ಮಲಗಿರುತ್ತಾನೆ. ರಾಣಿ ಅಮೃತಮತಿ ಎದ್ದು ಮಾವುತನ ಹತ್ತಿರ ಹೋಗುತ್ತಾಳೆ. ಇವನು ಕತ್ತಿ ಹಿಡಿದು ಹಿಂದೆ ಹೋಗಿ ಎಲ್ಲವನ್ನೂ ಕಣ್ಣಾರೆ ನೋಡುತ್ತಾನೆ. ಕೊಲ್ಲಬೇಕು ಅನ್ನಿಸುತ್ತದೆ, ತಡೆದುಕೊಳ್ಳುತ್ತಾನೆ, ವಾಪಸ್ ಬಂದು ಮತ್ತೆ ಏನೂ ಗೊತ್ತಿಲ್ಲದವನ ಹಾಗೆ ಮಲಗುತ್ತಾನೆ. ಬೆಳಿಗ್ಗೆ ತಾಯಿ ಚಂದ್ರಮತಿ ಮುಖ ಯಾಕೆ ಬಾಡಿದೆ ಅಂದಾಗ ಕೆಟ್ಟ ಕನಸು ಬಿತ್ತು ಅನ್ನುತ್ತಾನೆ. ಆಕೆ ಅದನ್ನು ನಂಬಿ, ದೇವಿಗೆ ಬಲಿ ಕೊಟ್ಟು ದೋಷ ಕಳೆದುಕೋ ಅನ್ನುತ್ತಾಳೆ. ಜೀವ ಕೊಲ್ಲುವುದಿಲ್ಲ ಎಂದು ಇವನ ಹಟ. ಕೊನೆಗೆ ಹಿಟ್ಟಿನಲ್ಲಿ ಕೋಳಿ ಮಾಡಿ ಕಡಿಯುವುದು ಅಂತ ರಾಜಿ ಆಗುತ್ತದೆ. ಕಡಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ.

ಅಲ್ಲಿಗೆ ಪುಸ್ತಕ ಮುಚ್ಚಿಟ್ಟೆ. ನಮ್ಮ ಮನೆಯದೇ ನೆನಪಾಯಿತು.

ಎರಡು ವರ್ಷದ ಹಿಂದೆ ಅಪ್ಪನಿಗೆ ಹೊಟ್ಟೆಯಲ್ಲಿ ಗಡ್ಡೆ ಅಂತ ಗೊತ್ತಾಯಿತು. ಆಪರೇಷನ್ ಮಾಡುವ ಹಂತ ದಾಟಿತ್ತು. ರಿಪೋರ್ಟ್ ಬಂದಿದ್ದು ಜೂನ್ 3ಕ್ಕೆ. ಆಸ್ಪತ್ರೆಯ ಕಾರಿಡಾರಿನಲ್ಲೇ ನಿಂತು ನಾನು, ಅಮ್ಮ, ಚಿಕ್ಕಪ್ಪ ಮೂವರೂ ಸೇರಿ ತೀರ್ಮಾನ ಮಾಡಿದೆವು: ಅಪ್ಪನಿಗೆ ಅಲ್ಸರ್ ಅಂತ ಹೇಳುವುದು. ಫೈಲನ್ನು ನನ್ನ ಸೀರೆಗಳ ಕೆಳಗೆ ಬಚ್ಚಿಟ್ಟೆ. ಏಳು ತಿಂಗಳು ಅಪ್ಪ ಅಲ್ಸರ್ ಮಾತ್ರೆ ಅಂತ ನುಂಗಿದರು, ಖಾರ ಬಿಟ್ಟರು, ಬಂದವರಿಗೆಲ್ಲ ತಾವೇ "ಅಲ್ಸರ್ ಮಾರಾಯಾ, ಕಾಫಿ ಜಾಸ್ತಿ ಆಗಿತ್ತು" ಅನ್ನುತ್ತಿದ್ದರು. ಜನವರಿಯಲ್ಲಿ ಹೋದರು.

ಅವರ ಕಾಗದಪತ್ರ ಈ ಸಲ ಊರಿಗೆ ಹೋದಾಗ ಸರಿಯಾಗಿ ನೋಡಿದೆ. ನಮ್ಮೂರ ಸೊಸೈಟಿಯ ಖಾತೆಯಲ್ಲಿ ನಾಮಿನಿ ಅಂತ ಅಜ್ಜಿಯ ಹೆಸರಿತ್ತು, ಅಜ್ಜಿ ತೀರಿಕೊಂಡು ಹದಿನೈದು ವರ್ಷದ ಮೇಲಾಗಿದೆ. ಅದನ್ನು ಅಮ್ಮನ ಹೆಸರಿಗೆ ಬದಲಾಯಿಸಿದ್ದಾರೆ. ತಾರೀಖು ಜೂನ್ 14.

ರಿಪೋರ್ಟ್ ಬಂದು ಹನ್ನೊಂದೇ ದಿನ. ಅಂದರೆ ಅವರಿಗೆ ಗೊತ್ತಿತ್ತು. ನಾವು ಅವರಿಗೆ ಸುಳ್ಳು ಹೇಳುತ್ತಿದ್ದೆವು, ಅವರು ನಂಬಿದವರ ಹಾಗೆ ನಮಗೆ ಸುಳ್ಳು ಹೇಳುತ್ತಿದ್ದರು. ಅಮ್ಮ ಇವತ್ತಿಗೂ "ಅವರಿಗೆ ಗೊತ್ತೇ ಆಗಲಿಲ್ಲ, ನೆಮ್ಮದಿಯಲ್ಲಿ ಹೋದರು" ಅನ್ನುತ್ತಾರೆ. ಪಾಸ್‌ಬುಕ್ ನನ್ನ ಹತ್ತಿರ ಇದೆ. ಅಮ್ಮನಿಗೆ ತೋರಿಸಲೋ ಬೇಡವೋ ತಿಳಿಯುತ್ತಿಲ್ಲ.

ಕಂದಪದ್ಯ

ಅಮ್ಮಾ, ಮೊದಲು ನಿಮ್ಮ ತಂದೆಯ ವಿಷಯ ಓದಿ ಮನಸ್ಸಿಗೆ ಬಹಳ ಕಷ್ಟವಾಯಿತು. ಕಥೆಯ ಬಗ್ಗೆ ಮಾತ್ರ ಹೇಳುತ್ತೇನೆ, ಮೂವತ್ತು ವರ್ಷ ಪಾಠ ಮಾಡಿದ್ದೇನೆ.

ಜನ್ನ ಇದನ್ನು ಬರೆದದ್ದು 1209ರಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲ. ಕಥೆ ಅವನದಲ್ಲ. ಸೋಮದೇವ ಸೂರಿ 959ರಲ್ಲೇ ಸಂಸ್ಕೃತದಲ್ಲಿ ಯಶಸ್ತಿಲಕ ಬರೆದಿದ್ದ, ಆಮೇಲೆ ಜೈನ ಕವಿ ವಾದಿರಾಜ ಬರೆದ. ಆದರೆ ಕನ್ನಡದಲ್ಲಿ ಮುನ್ನೂರು ಚಿಲ್ಲರೆ ಪದ್ಯದಲ್ಲಿ, ಹೆಚ್ಚಿನವು ಕಂದ ಛಂದಸ್ಸಿನವು, ಇಷ್ಟು ಬಿಗಿಯಾಗಿ ಮನಸ್ಸಿನ ಒಳಗನ್ನು ಹಿಡಿದದ್ದು ಜನ್ನನೇ.

ನೀವು ಒಂದು ಸಣ್ಣ ಘಟನೆ ಬಿಟ್ಟಿದ್ದೀರಿ. ಆ ರಾತ್ರಿ ಕಳೆದ ಮೇಲೆ ರಾಜ ಸರಸವಾಡುವವನ ಹಾಗೆ ರಾಣಿಗೆ ನೈದಿಲೆ ಹೂವಿನಲ್ಲಿ ಹೊಡೆಯುತ್ತಾನೆ. ಆಕೆ ಮೂರ್ಛೆ ಬಂದವಳ ಹಾಗೆ ಬೀಳುತ್ತಾಳೆ. ಹಿಂದಿನ ರಾತ್ರಿ ತಡವಾಗಿ ಬಂದಳೆಂದು ಮಾವುತ ಹಿಡಿದು ಬಡಿದದ್ದನ್ನು ಇವನು ನೋಡಿದ್ದಾನೆ. ಅಷ್ಟು ಪೆಟ್ಟು ತಡೆದವಳು ಹೂವಿಗೆ ಬಿದ್ದಳು. ಇವನಿಗೆ ಅದು ನಾಟಕ ಅಂತ ಗೊತ್ತು. ಆದರೂ ಗೊತ್ತಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಚುಚ್ಚಿ ಮಾತಾಡುತ್ತಾನೆ ಅಷ್ಟೆ. ಇಡೀ ಕಾವ್ಯದಲ್ಲಿ ಅವನು ನೇರವಾಗಿ ಒಂದು ಮಾತು ಆಡಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ತಾಯಿಗೆ ಹೇಳಿದ ಸುಳ್ಳು ಕನಸು, ಆ ಕನಸು ಕೇಳಿದ ಬಲಿ, ಆ ಬಲಿಯಿಂದ ತಪ್ಪಿಸಿಕೊಳ್ಳಲು ಹಿಟ್ಟಿನ ಕೋಳಿ. ಇವೆಲ್ಲ ಒಂದೇ ಹಗ್ಗದ ಗಂಟುಗಳು.

ಕೊಂದದ್ದು ಹಿಟ್ಟನ್ನೇ ಆದರೂ ಮನಸ್ಸಿನಲ್ಲಿ ಕೊಂದಿದ್ದಾನೆ, ಅದು ಸಂಕಲ್ಪ ಹಿಂಸೆ. ಹಿಟ್ಟು ತಾನೇ ಅಂದುಕೊಂಡದ್ದು ಅವನ ಆತ್ಮವಂಚನೆ. ಅದಕ್ಕೇ ತಾಯಿ ಮಗ ಇಬ್ಬರೂ ನವಿಲು, ನಾಯಿ ಎಂದು ಶುರುವಾಗಿ ಜನ್ಮಜನ್ಮ ಪ್ರಾಣಿಗಳಾಗಿ ಅಲೆಯುತ್ತಾರೆ. ಪ್ರಾಣಿಜನ್ಮಗಳಲ್ಲಿ ಕೊನೆಯದು ಯಾವುದು ಗೊತ್ತೇ? ಕೋಳಿಗಳಾಗಿ ಹುಟ್ಟುತ್ತಾರೆ. ಧರ್ಮದ ಮಾತು ಕೇಳಿ ಸಂತೋಷಕ್ಕೆ ಕೂಗುತ್ತವೆ, ಆ ಕೂಗು ಕೇಳಿಯೇ ಯಶೋಧರನ ಮಗ ಯಶೋಮತಿ ಬಾಣ ಬಿಟ್ಟು ಎರಡನ್ನೂ ಕೊಲ್ಲುತ್ತಾನೆ.

ಕೃಷ್ಣಾತೀರದಾಂವ

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ, ಆದರೆ ಹಿಟ್ಟಿನ ಕೋಳಿಯನ್ನು ಆತ್ಮವಂಚನೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ನಮ್ಮ ಊರ ಜಾತ್ರೆಯಲ್ಲಿ ಅಜ್ಜನ ಕಾಲಕ್ಕೆ ಕೋಣ ಕಡಿಯುತ್ತಿದ್ದರು. ಪ್ರಾಣಿಬಲಿ ನಿಷೇಧದ ಕಾಯಿದೆ ಬಂದದ್ದು 1959ರಲ್ಲಿ. ಕಾಯಿದೆ ಬಂದ ಮಾತ್ರಕ್ಕೆ ಎಲ್ಲ ಕಡೆ ನಿಂತಿಲ್ಲ, ಅದು ನಿಮಗೂ ಗೊತ್ತು. ನಮ್ಮಲ್ಲಿ ನಿಂತದ್ದು ಹಿರಿಯರು ಕೂತು ಮಾತಾಡಿ ಕುಂಬಳಕಾಯಿ ಒಡೆಯೋಣ ಅಂತ ಒಪ್ಪಿದ ಮೇಲೆ. ಆಯುಧಪೂಜೆಗೆ ಲಾರಿ ಮುಂದೆ, ಗಿರಣಿ ಮುಂದೆ ಬೂದುಗುಂಬಳಕ್ಕೆ ಕುಂಕುಮ ಹಾಕಿ ಒಡೆಯುತ್ತೇವಲ್ಲ, ಅದು ಏನು? ಆ ಕೆಂಪು ಏನು ಅಂತ ಎಲ್ಲರಿಗೂ ಗೊತ್ತಿದೆ. ಗೊತ್ತಿದ್ದೇ ಮಾಡುತ್ತೇವೆ. ಕೋಣ ಬದುಕಿತು. ದೇವಿಗೆ ಮಾತು ಉಳಿಸಿಕೊಂಡ ಸಮಾಧಾನ ಜನಕ್ಕೆ ಸಿಕ್ಕಿತು. ಇದರಲ್ಲಿ ಮೋಸ ಎಲ್ಲಿದೆ? ಯಾರಿಗೆ ಮೋಸ?

ಎಲ್ಲರೂ ಕೂಡಿ ತಿಳಿದು ಆಡುವ ಆಟ ಬೇರೆ. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟುವುದು ಬೇರೆ. ತುಂಗೆದಡ ಅಕ್ಕಾ, ನಿಮ್ಮ ಮನೆಯಲ್ಲಿ ನಡೆದದ್ದು ನನಗೆ ಮೊದಲನೆಯದರ ಹಾಗೆ ಕಾಣುತ್ತದೆ.

ತುಂಗೆದಡ

ಹಾಗೆ ಅಂದುಕೊಂಡರೆ ಎಷ್ಟು ಹಗುರ ಆಗುತ್ತದೆ ಅಂತ ನನಗೂ ಗೊತ್ತು. ಆದರೆ ನಿಮ್ಮ ಊರಲ್ಲಿ ಹಿರಿಯರು ಕೂತು ಮಾತಾಡಿದರು. ನಮ್ಮ ಮನೆಯಲ್ಲಿ ಮಾತಾಡಲಿಲ್ಲ. ಅಪ್ಪನಿಗೆ ಯಾರಿಗಾದರೂ ಏನಾದರೂ ಹೇಳುವುದಿತ್ತೇನೋ. ಮೊದಲ ಮಳೆ ಬಿದ್ದಾಗ ತೋಟಕ್ಕೆ ಔಷಧಿ ಹೊಡೆಯುವುದನ್ನು ಯಾರು ನೋಡಿಕೊಳ್ಳಬೇಕು ಅಂತಾದರೂ. ಅಲ್ಸರ್ ಆದವನು ಅದನ್ನೆಲ್ಲ ಹೇಳುವ ಹಾಗಿರಲಿಲ್ಲ, ಅಲ್ವಾ? ನಮ್ಮ ಸುಳ್ಳಿನ ಒಳಗೆ ಅವರು ಸಿಕ್ಕಿಕೊಂಡರು.

ರಾತ್ರಿಪಾಳಿ

ನಾನು ನರ್ಸ್. ಹನ್ನೆರಡು ವರ್ಷದಿಂದ ಈ ತರದ ವಾರ್ಡಿನಲ್ಲೇ ಇದ್ದೇನೆ.

"ಪೇಷಂಟಿಗೆ ಹೇಳಬೇಡಿ ಸಿಸ್ಟರ್" ಅನ್ನದ ಮನೆಯವರನ್ನು ನಾನು ಕಂಡಿದ್ದು ಕಡಿಮೆ. ಬಾಗಿಲ ಹೊರಗೆ ಕೈ ಹಿಡಿದು ಹೇಳುತ್ತಾರೆ. ರಾತ್ರಿ ಎರಡು ಗಂಟೆಗೆ ಅದೇ ಪೇಷಂಟ್ ನನ್ನ ಕೈ ಹಿಡಿದು "ನನಗೆ ಗೊತ್ತು ಅಂತ ನಮ್ಮನೆಯವರಿಗೆ ಹೇಳಬೇಡಿ ಸಿಸ್ಟರ್, ತಡೆದುಕೊಳ್ಳಲ್ಲ ಅವರು" ಅನ್ನುತ್ತಾರೆ. ಇದು ಒಂದು ಸಲ ಅಲ್ಲ, ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ನಮ್ಮ ಕಡೆ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯ ಹೆಸರು ಹಿಡಿದು "ಕಿದ್ವಾಯಿಗೆ ತೋರಿಸಿದರಂತೆ" ಅಂದರೆ ಸಾಕು, ಮುಂದಿನದನ್ನು ಯಾರೂ ಕೇಳುವುದಿಲ್ಲ. ರೋಗದ ಹೆಸರನ್ನೇ ಬಾಯಲ್ಲಿ ತರುವುದಿಲ್ಲ. ಹಾಗಿರುವಾಗ ಪೇಷಂಟಿಗೆ ತಿಳಿಯದೇ ಇರುತ್ತದಾ? ಮೈ ಅವರದು. ಬಟ್ಟೆ ಸಡಿಲ ಆಗುವುದು ಅವರಿಗೆ. ಬಂದವರು ಸೇಬು ಇಟ್ಟು ಮುಖ ನೋಡದೆ ಎದ್ದು ಹೋಗುವುದನ್ನೂ ಅವರೇ ನೋಡುತ್ತಿರುತ್ತಾರೆ.

ಅಕ್ಕಾ, ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಪ್ಪನಿಗೆ ಅಂತ ನೀವು ಸುಳ್ಳು ಹೇಳಿದಿರಿ. ಆದರೆ ಅಪ್ಪ ಅತ್ತರೆ ನೋಡಲು ನಿಮ್ಮಿಂದ ಆಗುತ್ತಿತ್ತಾ? ನನ್ನ ಅನುಭವದಲ್ಲಿ ಕುಟುಂಬದವರು ಕಾಪಾಡುವುದು ಅರ್ಧ ರೋಗಿಯನ್ನು, ಅರ್ಧ ತಮ್ಮನ್ನು. ಅದು ತಪ್ಪು ಅಂತ ನಾನು ಹೇಳಲಾರೆ. ಆದರೆ ಅದನ್ನು ಪೂರ್ತಿ ಪ್ರೀತಿ ಅಂತ ಕರೆದುಕೊಂಡಾಗ ಎಲ್ಲೋ ನಮಗೆ ನಾವೇ ಸುಳ್ಳು ಹೇಳಿಕೊಳ್ಳುತ್ತೇವೆ.

ತುಂಗೆದಡ

ಆಗುತ್ತಿರಲಿಲ್ಲ. ನೀವು ಕೇಳಿದ್ದು ಸರಿ ಇದೆ. ಫೈಲನ್ನು ಸೀರೆ ಕೆಳಗೆ ಇಟ್ಟಿದ್ದು ಅವರಿಗೆ ಸಿಗಬಾರದು ಅಂತ ಅಷ್ಟೇ ಅಲ್ಲ, ನನ್ನ ಕಣ್ಣಿಗೂ ಬೀಳಬಾರದು ಅಂತ.

ನಾಲ್ಕನೇಕೌಂಟರ್

ಸಾಹಿತ್ಯ ನನಗೆ ಜಾಸ್ತಿ ಗೊತ್ತಿಲ್ಲ. ಬ್ಯಾಂಕಿನಲ್ಲಿ ಕೆಲಸ. ಬೇರೆ ತರದ ಸುಳ್ಳು ಒಂದನ್ನು ಹೇಳಬೇಕು, ಎಂಟು ತಿಂಗಳಿಂದ ಎದೆಯಲ್ಲಿ ಕೂತಿದೆ.

ಒಬ್ಬರು ನಿವೃತ್ತ ಟೀಚರ್, ಎಪ್ಪತ್ತರ ಹತ್ತಿರ, ಎಫ್‌ಡಿ ಮುರಿಸಲು ಬಂದರು. ಅವಧಿಗೆ ಮೊದಲೇ, ದೊಡ್ಡ ಮೊತ್ತ. ಯಾಕೆ ಮೇಡಂ ಅಂದೆ. ಮೊಮ್ಮಗಳಿಗೆ ಸೈಟು ಅಂದರು. ನಗುನಗುತ್ತಲೇ ಅಂದರು. ಯಾರ ಖಾತೆಗೆ ಅಂದರೆ ಸೈಟಿನ ಮಾಲೀಕರದು ಅಂದರು. ಕೇಳುವುದನ್ನೆಲ್ಲ ಕೇಳಿದೆ, ಎಲ್ಲಕ್ಕೂ ಉತ್ತರ ಇತ್ತು. ಮಾಡಿಕೊಟ್ಟೆ. ಮೂರು ದಿನ ಬಿಟ್ಟು ಅವರ ಮಗ ಬಂದಾಗ ಗೊತ್ತಾಯಿತು, ಡಿಜಿಟಲ್ ಅರೆಸ್ಟ್. ನಿಮ್ಮ ಆಧಾರ್ ಬಳಸಿ ಡ್ರಗ್ಸ್ ಪಾರ್ಸೆಲ್ ಹೋಗಿದೆ, ನಾವು ಪೊಲೀಸರು ಅಂತ ಎರಡು ದಿನ ವಿಡಿಯೋ ಕಾಲಿನಲ್ಲಿ ಕೂರಿಸಿದ್ದರು. ನನ್ನ ಕೌಂಟರಿನಲ್ಲಿ ನಿಂತಾಗಲೂ ಫೋನ್ ಚಾಲೂ ಇತ್ತು, ಬ್ಯಾಗಿನೊಳಗೆ. ಬ್ಯಾಂಕಿನವರು ಕೇಳಿದರೆ ಹೀಗೆ ಹೇಳಿ ಅಂತ ಸೈಟಿನ ಕಥೆ ಹೇಳಿಕೊಟ್ಟವರೂ ಅವರೇ.

ಮೋಸ ಹೋಗುತ್ತಿರುವವರ ಬಾಯಿಂದಲೇ ನಮಗೆ ಮೋಸ ಮಾಡಿಸಿದರು. ಜೀವನವಿಡೀ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಪಾಠ ಮಾಡಿದವರು ಅವರು.

ದಯವಿಟ್ಟು ಎಲ್ಲರೂ ಮನೆಯಲ್ಲಿ ಹಿರಿಯರಿಗೆ ಹೇಳಿ, ವಿಡಿಯೋ ಕಾಲಿನಲ್ಲಿ ಯಾರನ್ನೂ ಬಂಧಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ದುಡ್ಡು ಹೋದರೆ ಒಂದು ನಿಮಿಷವೂ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. "ಯಾರಿಗೂ ಹೇಳಬೇಡಿ" ಅಂತ ಯಾರಾದರೂ ಅಂದರೆ ಅಲ್ಲೇ ಫೋನ್ ಇಟ್ಟುಬಿಡಿ.

ನನ್ನ ಪ್ರಶ್ನೆ ಏನೆಂದರೆ, ನನಗೆ ಆಗ ಅನುಮಾನ ಬಂದಿತ್ತಾ? ಬಂದಿತ್ತು ಅಂತ ಈಗ ಅನ್ನಿಸುತ್ತದೆ. ಆ ದಿನ ತಿಂಗಳ ಕೊನೆ, ಸಾಲು ಉದ್ದ ಇತ್ತು. ಅನುಮಾನ ಬಂದಿರಲೇ ಇಲ್ಲ ಅಂತ ನಾನು ಎಲ್ಲರ ಹತ್ತಿರ ಹೇಳಿದ್ದೇನೆ.

ಕಿತ್ತಳೆತೊಳೆ

ನಾಲ್ಕನೇಕೌಂಟರ್ ಅವರೇ, ಇದನ್ನು ಬರೆದಿದ್ದಕ್ಕೆ ನಿಮಗೆ ವಂದನೆ. ನೀವು ಕೊನೆಯಲ್ಲಿ ಬರೆದ ಮಾತೇ ನನ್ನನ್ನು ಕಾಡುವ ಒಂದು ಪುಸ್ತಕದ ಜೀವಾಳ, ವಿವೇಕ ಶಾನಭಾಗರ ಘಾಚರ್ ಘೋಚರ್. 2013ರದು, ಸಣ್ಣದು, ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಕಾಫಿ ಹೌಸಿನಲ್ಲಿ ಕೂತ ಒಬ್ಬ ತನ್ನ ಮನೆಯ ಕಥೆ ಹೇಳುತ್ತಾನೆ. ಚಿಕ್ಕಪ್ಪನ ವ್ಯಾಪಾರದಿಂದ ಮನೆಗೆ ದುಡ್ಡು ಬಂದಿದೆ, ಇವನು ಕೆಲಸ ಮಾಡದೆ ಸಂಬಳ ತೆಗೆದುಕೊಳ್ಳುತ್ತಾನೆ, ಚಿಕ್ಕಪ್ಪ ಹೇಗೆ ಸಂಪಾದಿಸುತ್ತಾನೆ ಅಂತ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳುವವಳು ಒಬ್ಬಳೇ, ಇವನ ಹೆಂಡತಿ ಅನಿತಾ. ಅವನು ಎಲ್ಲಿಯೂ ಸುಳ್ಳು ಹೇಳುವುದಿಲ್ಲ. ಒಂದೂ ಸುಳ್ಳಿಲ್ಲ. ಯೋಚನೆ ಎಲ್ಲಿಗೆ ಹೋದರೆ ನೋವಾಗುತ್ತದೋ ಅದರ ಒಂದು ಹೆಜ್ಜೆ ಹಿಂದೆ ಮಾತು ತಿರುಗಿಸುತ್ತಾನೆ, ಅಷ್ಟೆ. ಓದುವ ನಮಗೆ ತಿಳಿಯುತ್ತದೆ, ಅವನಿಗೆ ತಿಳಿದೂ ತಿಳಿಯುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತೇವಲ್ಲ, ಇಲ್ಲಿ ಇಡೀ ಮನೆಯೇ ಒಟ್ಟಿಗೆ ಕಣ್ಣು ಮುಚ್ಚಿದೆ.

ಇನ್ನೊಂದು ಮಾತು, ಮೇಷ್ಟ್ರಿಗೆ. ಯಶೋಧರ ಚರಿತೆಯಲ್ಲಿ ತನಗೆ ತಾನು ಸುಳ್ಳು ಹೇಳಿಕೊಳ್ಳದೇ ಇರುವವಳು ಅಮೃತಮತಿ ಒಬ್ಬಳೇ ಅಲ್ವಾ? ಗಂಡನಿಗೆ ಮೋಸ ಮಾಡುತ್ತಾಳೆ, ನಿಜ. ಆದರೆ ತನಗೆ ಯಾರು ಬೇಕು ಅಂತ ಅವಳಿಗೆ ಸ್ಪಷ್ಟ ಇದೆ. ಹಾಡು ಕೇಳಿ ಮನಸೋತಳು, ಮಾವುತ ನೋಡಲು ಎಷ್ಟು ಕುರೂಪಿ ಅಂತ ತಿಳಿದ ಮೇಲೂ ಬಿಡಲಿಲ್ಲ. ಮೋಸ ಮತ್ತು ಆತ್ಮವಂಚನೆ ಎರಡನ್ನೂ ಒಂದೇ ತಟ್ಟೆಗೆ ಹಾಕಬೇಡಿ.

ಕಂದಪದ್ಯ

ಒಳ್ಳೆಯ ಪ್ರಶ್ನೆ. ಅರ್ಧ ಒಪ್ಪುತ್ತೇನೆ. ಅವಳಿಗೆ ತನ್ನ ಆಸೆ ಗೊತ್ತು. ಆದರೆ ಅವಳೇ ಕೊನೆಗೆ ಅತ್ತೆ ಮತ್ತು ಗಂಡನಿಗೆ ವಿಷ ಇಕ್ಕಿ ಕೊಲ್ಲುತ್ತಾಳೆ, ಅದನ್ನು ಮರೆಯಬಾರದು. ತನ್ನ ಬಗ್ಗೆ ಸ್ಪಷ್ಟ ಇದ್ದವರೆಲ್ಲ ಒಳ್ಳೆಯವರಲ್ಲ. ಹಾಗೆಯೇ ತನಗೆ ತಾನು ಸುಳ್ಳು ಹೇಳಿಕೊಳ್ಳುವವರೆಲ್ಲ ಕೆಟ್ಟವರೂ ಅಲ್ಲ, ಯಶೋಧರ ಕೆಟ್ಟವನಲ್ಲ. ಕಾರ್ನಾಡರು ಇದೇ ಕಥೆ ಇಟ್ಟುಕೊಂಡು ಹಿಟ್ಟಿನ ಹುಂಜ ನಾಟಕ ಬರೆದಿದ್ದಾರೆ, ನಿಮಗೆ ರಾಣಿಯ ಮೇಲೆ ಮನಸ್ಸಿದ್ದರೆ ಅದನ್ನು ಓದಿ.

ಒಳ್ಳೆಯವರ ಆತ್ಮವಂಚನೆ ನೋಡಬೇಕೆಂದರೆ ಅನಂತಮೂರ್ತಿಯವರ ಸಂಸ್ಕಾರ ಕಾದಂಬರಿಯ ಪ್ರಾಣೇಶಾಚಾರ್ಯ ಇದ್ದಾನೆ. ರೋಗಿಷ್ಠ ಹೆಂಡತಿಯನ್ನು ಕಟ್ಟಿಕೊಂಡು ಸೇವೆ ಮಾಡುವುದನ್ನೇ ತನ್ನ ತಪಸ್ಸು ಅಂದುಕೊಂಡವನು. ಭಾಗೀರಥಿಯ ಬಾಳನ್ನು ತನ್ನ ಮೋಕ್ಷದ ಮೆಟ್ಟಿಲು ಮಾಡಿಕೊಂಡದ್ದು ಅವನಿಗೆ ಕಾಣಲೇ ಇಲ್ಲ. ಊರಿಗೆಲ್ಲ ದೊಡ್ಡ ಪಂಡಿತ, ಕಾಡಿನಲ್ಲಿ ಒಂದು ರಾತ್ರಿ ಬರಬೇಕಾಯಿತು ಕಾಣಿಸಲು.

ಗುಬ್ಬಿಗೂಡು

ರಾಬರ್ಟ್ ಟ್ರಿವರ್ಸ್ ಅನ್ನುವ ಜೀವವಿಜ್ಞಾನಿ 1976ರಲ್ಲೇ ಒಂದು ವಿಚಾರ ಮುಂದಿಟ್ಟಿದ್ದರು. ಬೇರೆಯವರಿಗೆ ಚೆನ್ನಾಗಿ ಮೋಸ ಮಾಡಬೇಕಾದರೆ ಮೊದಲು ತನಗೇ ಮೋಸ ಮಾಡಿಕೊಳ್ಳಬೇಕು. ಸುಳ್ಳು ಅಂತ ತನಗೇ ಗೊತ್ತಿಲ್ಲದಿದ್ದರೆ ಮುಖ ಬಿಟ್ಟುಕೊಡುವುದಿಲ್ಲ, ದನಿ ನಡುಗುವುದಿಲ್ಲ. ಹೀಗಾಗಿ ವಿಕಾಸದಲ್ಲಿ ಆತ್ಮವಂಚನೆ ಉಳಿದುಕೊಂಡು ಬಂತು ಅಂತ.

ಚೀಟಿ ದುಡ್ಡು, ಡಬಲ್ ಸ್ಕೀಮ್ ನಡೆಸುವವರನ್ನು ನೋಡಿದರೆ ನನಗಿದು ನಿಜ ಅನ್ನಿಸುತ್ತದೆ. ನಮ್ಮ ಬೀದಿಯಲ್ಲಿ ಒಂದು ಸ್ಕೀಮ್ ಮುಳುಗಿತು. ಜನರನ್ನು ಸೇರಿಸಿದವರು ಕಳ್ಳರಲ್ಲ, ತಮ್ಮ ಮಗಳ ಮದುವೆ ದುಡ್ಡನ್ನೂ ಅದಕ್ಕೇ ಹಾಕಿದ್ದರು. ಅವರು ಪೂರ್ತಿ ನಂಬಿದ್ದರಿಂದಲೇ ನಾವೂ ನಂಬಿದೆವು.

ರಾತ್ರಿಪಾಳಿ

ಸ್ಕೀಮಿಗೆ ಸರಿ ಇರಬಹುದು. ಆದರೆ ಮನೆಯೊಳಗಿನ ಸುಳ್ಳಿಗೆ ಆ ವಿಚಾರ ಸಾಲುವುದಿಲ್ಲ ಅಂತ ನನ್ನ ಅನಿಸಿಕೆ. ಯಶೋಧರ ಮೊದಲು ತಾಯಿಗೆ ಸುಳ್ಳು ಹೇಳಿದ, ಆಮೇಲೆ ತನಗೆ. ಪೇಷಂಟಿನ ಮನೆಯವರೂ ಹಾಗೇ. ಮೊದಲ ವಾರ ಅವರ ಮುಖ ಎಲ್ಲ ಹೇಳಿಬಿಡುತ್ತದೆ. ತಿಂಗಳು ಕಳೆಯುವಷ್ಟರಲ್ಲಿ "ಸ್ವಲ್ಪ ಲವಲವಿಕೆ ಬಂದಿದೆ ಅಲ್ವಾ ಸಿಸ್ಟರ್" ಅಂತ ಅವರೇ ನಂಬಲು ಶುರು ಮಾಡಿರುತ್ತಾರೆ. ದಿನಾ ಹೇಳಿ ಹೇಳಿ.

ದೂರದೂರು

ನಾನು ಮಸ್ಕತ್‌ನಲ್ಲಿದ್ದೇನೆ, ಊರು ಕುಂದಾಪುರ ಹತ್ತಿರ. ಎಲ್ಲರ ಬರಹ ಓದಿ ಸುಮ್ನೆ ಇರಲು ಆಗಲಿಲ್ಲ.

ಕಳೆದ ವರ್ಷ ನನ್ನ ಕೆಲಸ ಹೋಯಿತು. ಐದು ತಿಂಗಳು ಮನೆಗೆ ಹೇಳಲಿಲ್ಲ. ಅಮ್ಮನಿಗೆ ಊಟದ ಹೊತ್ತಿಗೆ ಫೋನ್ ಮಾಡುವ ರೂಢಿ, ಹಿಂದೆ ಕ್ಯಾಂಟೀನ್ ಗಲಾಟೆ ಕೇಳುತ್ತಿತ್ತು. ರೂಮಿನಿಂದ ಮಾಡಿದರೆ ಸದ್ದಿಲ್ಲ, ಅನುಮಾನ ಬರುತ್ತದೆ. ಅದಕ್ಕೆ ದಿನಾ ಮಧ್ಯಾಹ್ನ ಬಿಸಿಲಿನಲ್ಲಿ ನಡೆದು ಒಂದು ಹೋಟೆಲಿನ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದೆ. "ಉಂಡ್ಯಾ?" ಅನ್ನುತ್ತಿದ್ದರು. ಉಂಡೆ ಅನ್ನುತ್ತಿದ್ದೆ.

ಹೊಸ ಕೆಲಸ ಸಿಕ್ಕಿದ ಮೇಲೆ ಊರಿಗೆ ಹೋದಾಗ ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮ ಅತ್ತರು, ಬೈದರು. ಆ ಐದು ತಿಂಗಳಲ್ಲಿ ಅವರೂ ಒಂದು ಬಚ್ಚಿಟ್ಟಿದ್ದರು, ಮೊಣಕಾಲು ಹಿಡಿದು ಮೂರು ವಾರ ಎದ್ದು ಓಡಾಡಿರಲಿಲ್ಲ. ಮಗ ದೂರ ಇದ್ದಾನೆ, ಯಾಕೆ ಹೇಳುವುದು ಅಂತ. ಈಗ ವಾರಕ್ಕೊಮ್ಮೆ ಇಬ್ಬರೂ ಇದ್ದದ್ದು ಇದ್ದ ಹಾಗೆ ಹೇಳುವುದು ಅಂತ ಮಾತಾಗಿದೆ. ಮೊದಲೆರಡು ವಾರ ಬಹಳ ಕಷ್ಟ ಆಯಿತು, ಏನು ಮಾತಾಡುವುದು ಅಂತಲೇ ತಿಳಿಯುತ್ತಿರಲಿಲ್ಲ.

ತುಂಗೆದಡ ಅಕ್ಕಾ, ನನ್ನ ಮಟ್ಟಿಗೆ ಹೇಳುವುದಾದರೆ, ತೋರಿಸಿ.

ಕೃಷ್ಣಾತೀರದಾಂವ

ತೋರಿಸಬೇಡಿ ಅಂತ ನನ್ನ ಅಭಿಪ್ರಾಯ. ದೂರದೂರು ಅವರ ತಾಯಿ ಬದುಕಿದ್ದಾರೆ, ಇಬ್ಬರೂ ಕೂತು ಅತ್ತು ಹಗುರಾಗಬಹುದು. ತುಂಗೆದಡ ಅಕ್ಕಾ, ನಿಮ್ಮ ತಾಯಿ ಯಾರ ಹತ್ತಿರ ಕೂತು ಮಾತಾಡಬೇಕು? ಆ ವಯಸ್ಸಿನಲ್ಲಿ "ನೆಮ್ಮದಿಯಲ್ಲಿ ಹೋದರು" ಅನ್ನುವುದೊಂದೇ ಅವರ ಕೈಯಲ್ಲಿ ಉಳಿದಿದೆ.

ಕಂದಪದ್ಯ

ಇದರಲ್ಲಿ ನನ್ನ ಹತ್ತಿರ ಉತ್ತರ ಇಲ್ಲ ಅಮ್ಮಾ. ಒಂದು ಮಾತ್ರ ಹೇಳಬಲ್ಲೆ. ನಿಮ್ಮ ತಂದೆ ಯಶೋಧರನ ಹಾಗಲ್ಲ. ಅವನು ತಿಳಿದದ್ದನ್ನು ಬಚ್ಚಿಟ್ಟು ಏನೂ ಸರಿಪಡಿಸಲಿಲ್ಲ. ಇವರು ತಿಳಿದದ್ದನ್ನು ಬಚ್ಚಿಟ್ಟರೂ ಸೊಸೈಟಿಗೆ ಹೋಗಿ ಮಾಡಬೇಕಾದ ಕೆಲಸ ಮಾಡಿ ಬಂದರು. ತಮಗೆ ತಾವು ಸುಳ್ಳು ಹೇಳಿಕೊಂಡವರು ನಾಮಿನಿ ಬದಲಾಯಿಸುವುದಿಲ್ಲ.

ತುಂಗೆದಡ

ಮೇಷ್ಟ್ರ ಮಾತು ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ. ತುಂಬಾ ಹೊತ್ತು ಅತ್ತೆ.

ಭಾನುವಾರ ಊರಿಗೆ ಹೋಗಿದ್ದೆ. ತೋರಿಸಬೇಕು ಅಂತ ಗಟ್ಟಿ ಮನಸ್ಸೇನೂ ಮಾಡಿರಲಿಲ್ಲ. ಅಮ್ಮ ಜಗಲಿಯಲ್ಲಿ ಕೂತು ಹಲಸಿನ ಬೀಜ ಬಿಡಿಸುತ್ತಿದ್ದರು. ನಾನೂ ಕೂತೆ. ಬೇರೆ ಕಾಗದಗಳ ಜೊತೆ ಪಾಸ್‌ಬುಕ್ ಕೈಗೆ ಕೊಟ್ಟು, ನಾಮಿನಿ ಹೆಸರು ಸರಿ ಇದೆಯಾ ನೋಡು ಅಂದೆ. ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡರು. ಹೆಸರು ಓದಿದರು. ಆಮೇಲೆ ತಾರೀಖಿನ ಮೇಲೆ ಬೆರಳಿಟ್ಟರು, ಸುಮಾರು ಹೊತ್ತು ತೆಗೆಯಲಿಲ್ಲ.

"ಅವತ್ತು ಮಳೆ" ಅಂದರು. "ಛತ್ರಿ ಬಿಟ್ಟು ಹೋಗಿದ್ದರು. ಪೂರ್ತಿ ನೆಂದು ಬಂದರು. ಬಿಸಿನೀರು ಕಾಯಿಸಿಕೊಟ್ಟೆ."

ಎಲ್ಲಿಗೆ ಹೋಗಿದ್ದರು ಅಂತ ಆಗ ಕೇಳಿದ್ದೆಯಾ ಅಂತ ಬಾಯಿಯ ತನಕ ಬಂತು. ಕೇಳಲಿಲ್ಲ. ಅಮ್ಮ ಪಾಸ್‌ಬುಕ್ ವಾಪಸ್ ಕೊಡಲಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡರು. ಮತ್ತೆ ಬಂದು ಬೀಜ ಬಿಡಿಸಲು ಕೂತರು. ನಾನು ಹೊರಡುವಾಗ ಮುಂದಿನ ಭಾನುವಾರವೂ ಬಾ ಅಂದರು. ಹೋಗುತ್ತೇನೆ.